ಬಾಲದ ಗಂಟು

"ಇದೇನೇ ಇದು, ಹಂದಿ ಕಟ್ಟೋ ಗಂಟು? ಬಿಚ್ಚೇ ಎಲ್ಲಾನೂ! ಇದು ವೇದಿಕೆ, ನಿಮ್ಮಪ್ಪನ ಕೊಟ್ಟಿಗೆ ಅಲ್ಲ."

ವೇದಿಕೆಯ ಉಸ್ತುವಾರಿ ಕೆಸ್ಲರ್ ಬೂಟಿನ ತುದಿಯಿಂದ ಗಂಟಿನ ಬಾಲವನ್ನು ಒದ್ದ. ಹಗ್ಗ ಸರ್ರನೆ ಬಿಚ್ಚಿಕೊಂಡು ಬಟ್ಟೆಯ ಒಂದು ಮೂಲೆ ಜೋತುಬಿತ್ತು. ಮಂಡಿಯೂರಿದ್ದ ಎಲೋದಿಯಾ ತಲೆ ಎತ್ತಲಿಲ್ಲ. ಕೆಳಗಿನ ಕಬ್ಬಿಣದ ಕೊಳವೆಗೆ ಬೆಳಗಿನಿಂದ ಇಪ್ಪತ್ತು ಗಂಟು ಹಾಕಿದ್ದಳು. ಪ್ರತಿಯೊಂದಕ್ಕೂ ಒಂದು ಗೇಣಿನ ಬಾಲ ಬಿಟ್ಟಿದ್ದಳು.

"ನೋಡು," ಎಂದ ಕೆಸ್ಲರ್, ಪಕ್ಕದಲ್ಲಿದ್ದ ಬಿಯರ್ ಕಂಪನಿಯ ಹೆಂಗಸಿಗೆ ತೋರಿಸುತ್ತ. "ಒದ್ದರೆ ಬಿಚ್ಚಿಹೋಗುತ್ತೆ. ಇವರ ಕೆಲಸ ಇಷ್ಟೇ."

ಆ ಹೆಂಗಸು ಬಟ್ಟೆಯನ್ನೇ ನೋಡುತ್ತಿದ್ದಳು. ವೇದಿಕೆಯ ಪಡುವಣ ಬದಿಯಲ್ಲಿ, ಊರಿನ ಕಡೆಗೆ ಮುಖ ಮಾಡಿ, ನೆಲದಿಂದ ಚಾವಣಿಯವರೆಗೆ ಏಳಾಳೆತ್ತರ ನಿಂತಿದ್ದ ಬಟ್ಟೆ. ಅದರ ತುಂಬ ನೊರೆ ಉಕ್ಕುವ ಬಿಯರ್ ಲೋಟದ ಚಿತ್ರ, ಕೆಳಗೆ ಕಂಪನಿಯ ಹೆಸರು. "ನೆರಿಗೆ ಬೀಳ್ತಿದೆ," ಎಂದಳು. "ಕ್ಯಾಮೆರಾದಲ್ಲಿ ಹೆಸರು ಸೊಟ್ಟಗೆ ಕಾಣುತ್ತೆ."

ಕೆಸ್ಲರ್ ಜೇಬಿನಿಂದ ಕೇಬಲ್ ಟೈಗಳ ಕಟ್ಟೊಂದನ್ನು ತೆಗೆದು ಎಲೋದಿಯಾಳ ಮುಂದೆ ಎಸೆದ. ಒಮ್ಮೆ ಬಿಗಿದರೆ ಕತ್ತರಿಸದ ಹೊರತು ಬಿಡದ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳು.

"ಕೆಳಗೆ, ಪಕ್ಕಕ್ಕೆ, ತಲೆಗೆ. ಎಲ್ಲಾ ಕಡೆ ಇದೇ. ತಂತಿ ಥರ ಬಿಗಿಯಾಗಿರ್ಬೇಕು."

ಎಲೋದಿಯಾ ಕಟ್ಟನ್ನು ಎತ್ತಿಕೊಳ್ಳಲಿಲ್ಲ. ಕೊಳವೆಯ ಆ ತುದಿಯಿಂದ ಅನ್ಸೆಲ್ಮೋ ತಾತ ನಿಧಾನವಾಗಿ ಎದ್ದು ಬಂದ. ಮೂವತ್ತು ಬೇಸಿಗೆ ಈ ಸರೋವರದ ದಂಡೆಯ ಹಾಡಿನ ಹಬ್ಬಕ್ಕೆ ವೇದಿಕೆ ಎಬ್ಬಿಸಿದವನು. ಬಲಗೈಯಲ್ಲಿ ಎರಡು ಬೆರಳಿಲ್ಲ. ಬೇರೊಂದು ಊರಿನಲ್ಲಿ ಬೇರೊಂದು ಚಾವಣಿ ಕುಸಿದಾಗ ಆ ಬೆರಳುಗಳ ಜೊತೆ ತಮ್ಮನನ್ನೂ ಕಳೆದುಕೊಂಡವನು. ಬಾಲದ ಗಂಟನ್ನು ತಂಡಕ್ಕೆಲ್ಲ ಕಲಿಸಿದ್ದು ಅವನೇ. ಹೊಸದಾಗಿ ಬಂದವರಿಗೆ ಮೊದಲ ದಿನ ಅದೊಂದೇ ಪಾಠ: ಕಟ್ಟು, ಬಾಲ ಬಿಡು, ಕಣ್ಣು ಮುಚ್ಚಿ ಎಳೆ. ಬಿಚ್ಚಿದರೆ ನಾಳೆ ಕೆಲಸಕ್ಕೆ ಬಾ.

"ಸಾಮಿ, ಇದು ಬಟ್ಟೆ ಅಲ್ಲ, ಹಾಯಿ," ಎಂದ ತಾತ. "ಗಾಳಿ ಬಂದು ಕೇಳಿದ್ರೆ ತಕ್ಷಣ ಬಿಟ್ಟುಕೊಡ್ಬೇಕು. ಇಲ್ದಿದ್ರೆ ಚಾವಣೀನೂ ಎಳ್ಕಂಡ್ ಬೀಳ್ತದೆ. ಮೂವತ್ತು ಮೈಲಿ ವೇಗ ದಾಟಿದ್ರೆ ಬಟ್ಟೆ ಇಳೀಬೇಕು ಅಂತ ನಿಮ್ಮ ಕಾಗದದಾಗೇ ಬರ್ದೈತೆ. ಈ ಪ್ಲಾಸ್ಟಿಕ್ ಹಾಕಿದ್ರೆ ಇಳ್ಸಾದೆಂಗೆ? ಗೇಟ್ನಾಗೆ ನಮ್ಮ ಚಾಕೂನೂ ಕಿತ್ಕಂಡವ್ರೆ."

ಅದು ನಿಜ. ಬೆಳಗ್ಗೆ ಕಾವಲಿನ ಡಾರ್ನೆಲ್ ಪ್ಲಾಸ್ಟಿಕ್ ಬಕೆಟ್ ಹಿಡಿದು ನಿಂತು, ಎಲ್ಲರ ಸೊಂಟದ ಚಾಕುಗಳನ್ನೂ ಅದರೊಳಗೆ ಹಾಕಿಸಿಕೊಂಡಿದ್ದ. ಈ ವರ್ಷದ ಹೊಸ ನಿಯಮ: ಬೂದು ಕೈಪಟ್ಟಿ ಕಟ್ಟಿದ ಕೂಲಿಯವರು ಚಾಕು ಇಟ್ಟುಕೊಂಡು ಜನರ ನಡುವೆ ಓಡಾಡುವಂತಿಲ್ಲ. "ನಾನೇನ್ ಮಾಡ್ಲಿ ಅಕ್ಕಾ, ಹೇಳಿದ್ದನ್ನ ಮಾಡ್ತೀನಿ," ಎಂದಿದ್ದ ಡಾರ್ನೆಲ್, ಎಲೋದಿಯಾಳ ಮುಖ ನೋಡದೆ.

ಕೆಸ್ಲರ್ ನಕ್ಕ. "ಗಾಳಿ ನಿನ್ನ ಹತ್ರ ಬಂದು ಕೇಳುತ್ತಾ ಮುದುಕಾ? ಯಾವ ಭಾಷೇಲಿ ಕೇಳುತ್ತೆ?"

"ನಂಗೆ ಗೊತ್ತಿರೋ ಭಾಷೇಲೇ ಕೇಳ್ತದೆ. ಒಂದ್ಸಲ ಕೇಳೈತೆ," ಎಂದು ತಾತ ಮೂರು ಬೆರಳಿನ ಕೈ ಎತ್ತಿ ತೋರಿಸಿದ.

ಕಂಪನಿಯ ಹೆಂಗಸು ಮುಖ ತಿರುಗಿಸಿದಳು. ಅದು ಕೆಸ್ಲರನಿಗೆ ತಾಗಿತು. ತಾತನ ತೋಳು ಹಿಡಿದು ಗೇಟಿನವರೆಗೆ ನಡೆಸಿಕೊಂಡು ಹೋದ. ಅಷ್ಟು ಹೊತ್ತಿಗೆ ಹೊರಗೆ ಟಿಕೆಟ್ಟಿನವರ ಸಾಲು ನಿಂತಿತ್ತು. ಹುಲ್ಲುಟೋಪಿ, ಬಿಸಿಲುಕನ್ನಡಕ, ಹೆಗಲ ಮೇಲೆ ಮಕ್ಕಳು. ಅವರೆಲ್ಲರ ಎದುರಿಗೆ ಕೆಸ್ಲರ್ ಇಕ್ಕಳದಿಂದ ತಾತನ ಕೈಪಟ್ಟಿಯನ್ನು ಕತ್ತರಿಸಿ ನೆಲಕ್ಕೆ ಬಿಸಾಕಿದ. ಸಾಲಿನಲ್ಲಿದ್ದವನೊಬ್ಬ ಕೇಳಿದ, "ಕಳ್ಳನಾ?"

ತಾತ ಬಗ್ಗಿ ತುಂಡು ಪಟ್ಟಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಅಷ್ಟು ದೂರದಿಂದಲೇ ಎಲೋದಿಯಾಳನ್ನು ನೋಡಿ ಕೂಗಿದ: "ನೆಪ್ಪೈತೇನವ್ವಾ? ಬಿಚ್ಚೋವಾಗ ಮೊದ್ಲು ಕಾಲು, ಆಮ್ಯಾಕೆ ಪಕ್ಕ, ಕಡೇಗೆ ತಲೆ!"

ಡಾರ್ನೆಲ್ ಗೇಟು ಮುಚ್ಚಿದ.

ಕೆಸ್ಲರ್ ಬಂದು ಎಲೋದಿಯಾಳ ಎದುರು ನಿಂತ. "ನಿನ್ನ ತಮ್ಮನ ಹೆಸರೂ ನನ್ನ ಪಟ್ಟೀಲೇ ಇರೋದು. ಅವನಿಗೆ ಮೇಲಿನ ಕುರ್ಚಿ ಕೆಲಸ ಬೇಕು ಬೇಕು ಅಂತ ನನ್ನ ಹಿಂದೆ ಅಲೆದಿದ್ದೆ. ಬೇಡ್ವಾ ಈಗ?"

ಎಲೋದಿಯಾ ಕೇಬಲ್ ಟೈಗಳ ಕಟ್ಟನ್ನು ಎತ್ತಿಕೊಂಡಳು.

ಕೆಳಗೆ ಇಪ್ಪತ್ತು. ಮುಂದಿನ ಕಂಬದ ಅಂಚಿಗೆ ಮೂವತ್ತು, ಹಿಂದಿನದಕ್ಕೂ ಮೂವತ್ತು. ತಲೆಗೆ ಇಪ್ಪತ್ತನಾಲ್ಕು. ಒಂದೊಂದನ್ನೂ ಎಳೆದಾಗ ಹಲ್ಲು ಕಚ್ಚುವ ಸದ್ದು: ಕರ್ರ್. ನಾಲ್ಕನ್ನು ಸಡಿಲ ಬಿಡೋಣವೆಂದು ನೋಡಿದಳು. ಕೆಸ್ಲರ್ ಬಂದು ಆ ನಾಲ್ಕನ್ನೂ ತಾನೇ ಬಿಗಿದು ಹೋದ. ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಡೊಳ್ಳಿನ ಚರ್ಮದಂತೆ ನಿಂತಿತು. ಬೆರಳಿನಿಂದ ಹೊಡೆದರೆ ನಾದ ಬರುತ್ತಿತ್ತು.

ಮೂರು ಗಂಟೆಗೆ ಅವಳ ತಮ್ಮ ನಾಬೋರ್ ಹಗ್ಗದೇಣಿ ಹತ್ತಲು ಬಂದ. ಚಾವಣಿಯ ಮುಂದಿನ ತೊಲೆಗೆ ನಾಲ್ಕು ಕಬ್ಬಿಣದ ಕುರ್ಚಿಗಳನ್ನು ತೂಗುಹಾಕಿರುತ್ತಾರೆ. ಒಂದೊಂದರಲ್ಲಿ ಒಬ್ಬೊಬ್ಬ ಕೂತು ದೊಡ್ಡ ದೀಪ ಹಿಡಿದು ಹಾಡುವವರ ಮೇಲೆ ಬೆಳಕು ಬಿಡಬೇಕು. ಹತ್ತಿದ ಮೇಲೆ ಏಣಿಯನ್ನು ಜನರ ಕಣ್ಣಿಗೆ ಬೀಳದಂತೆ ಪಕ್ಕಕ್ಕೆ ಎಳೆದು ಕಟ್ಟುತ್ತಾರೆ. ಕೊನೆಯ ಹಾಡು ಮುಗಿಯುವವರೆಗೆ ಇಳಿಯುವ ಹಾಗಿಲ್ಲ. ಉಚ್ಚೆಗೂ ಇಲ್ಲ.

"ಬಾಟ್ಲಿ ತಗಂಡ್ಯೇನ್ಲಾ?" ಎಂದು ಎಲೋದಿಯಾ ಕೇಳಿದಳು.

"ತಗಂಡಿವ್ನಿ ಅಕ್ಕಾ. ತುಂಬಿದ್ಮ್ಯಾಕೆ ಕೆಸ್ಲರ್ ಸಾಹೇಬ್ರ ಮೇಜಿನ್ ಮೇಲೆ ಇಟ್ಟುಬುಡು. ಅವ್ರ ಕಂಪ್ನಿ ಬಿಯರ್ಗೂ ಇದಕ್ಕೂ ಏನ್ ವ್ಯತ್ಯಾಸ ಇಲ್ಲ, ಕುಡ್ಕಂತಾರೆ."

"ಬಾಯ್ಮುಚ್ಚು, ಕೇಳ್ಸ್‌ಕಂಡಾನು."

"ಯಾಕಕ್ಕಾ ಮಖ ಹಿಂಗೈತೆ? ತಾತ ಎಲ್ಲಿ?"

"ಮನೀಗ್ ಹೋದ." ಬಟ್ಟೆಯ ವಿಷಯ ಹೇಳಬೇಕೆಂದು ಬಾಯಿ ತೆರೆದಳು. ಹೇಳಿದರೆ ಅವನು ಹತ್ತುವುದಿಲ್ಲ. ಹತ್ತದಿದ್ದರೆ ನಾಳೆಯಿಂದ ಇಬ್ಬರೂ ಹೊರಗೆ. ಅವ್ವ ಸತ್ತಾಗ ಅವನಿಗೆ ಒಂಬತ್ತು. ಅಲ್ಲಿಂದ ಇಲ್ಲಿಯವರೆಗೆ ಅವನಿಂದ ಅವಳು ಯಾವುದನ್ನೂ ಬಚ್ಚಿಟ್ಟಿರಲಿಲ್ಲ. "ಬೆಲ್ಟಿನ ಕೊಂಡಿ ಸರ್ಯಾಗ್ ಹಾಕ್ಕ," ಎಂದಷ್ಟೇ ಹೇಳಿದಳು.

ಅವನು ಅಳಿಲಿನ ಹಾಗೆ ಹತ್ತಿಹೋದ. ಕುರ್ಚಿಯಲ್ಲಿ ಕೂತು ಕಾಲು ಆಡಿಸಿದ. ಕೆಳಗಿನಿಂದ ನೋಡಿದರೆ ಬೂಟಿನ ಅಡಿ ಮಾತ್ರ ಕಾಣುತ್ತಿತ್ತು.

ನಾಲ್ಕರ ಹೊತ್ತಿಗೆ ದಂಡೆ ತುಂಬಿತು. ಹುರಿದ ಚೀಸಿನ ಜಿಡ್ಡು, ಸುಟ್ಟ ಸಾಸೇಜು, ಬಿಸಿಲಿಗೆ ಹಚ್ಚುವ ಎಣ್ಣೆ, ಎಲ್ಲದರ ವಾಸನೆ ಒಂದಾಗಿ ಸರೋವರದ ಮೀನುವಾಸನೆಯ ಮೇಲೆ ಕೂತಿತ್ತು. ಗಾಳಿ ನೀರಿನ ಕಡೆಯಿಂದ ತಣ್ಣಗೆ ಬರುತ್ತಿತ್ತು. ಜನ ಸುಖವಾಗಿದ್ದರು.

ಐದು ಗಂಟೆಯ ಹೊತ್ತಿಗೆ ಎಲೋದಿಯಾಳಿಗೆ ಬಾಯಾರಿತ್ತು. ವೇದಿಕೆಯ ಹಿಂದೆ ಕೆಲಸದವರಿಗೆಂದು ಇಟ್ಟಿದ್ದ ಡ್ರಮ್ಮಿನ ನೀರು ಬಿಸಿಲಿಗೆ ಕಾದು ರಬ್ಬರಿನ ವಾಸನೆ ಹೊಡೆಯುತ್ತಿತ್ತು. ಹತ್ತಿರದಲ್ಲೇ ಅತಿಥಿಗಳ ಅಟ್ಟಣಿಗೆಯ ಪಕ್ಕ ತಣ್ಣೀರಿನ ನಲ್ಲಿಯಿತ್ತು. ಬಾಟಲಿಯನ್ನು ಅದಕ್ಕೆ ಹಿಡಿದಳು. ಅರ್ಧ ತುಂಬುವಷ್ಟರಲ್ಲಿ ಕೆಸ್ಲರ್ ಅಟ್ಟಣಿಗೆಯಿಂದ ಬಗ್ಗಿ ನೋಡಿದ.

"ಏಯ್! ಬೂದುಪಟ್ಟಿ! ಆ ನಲ್ಲಿ ನಿಂಗಲ್ಲ. ಚೆಲ್ಲು ಅದನ್ನ."

"ಅರ್ಧ ತುಂಬೋಯ್ತು ಸಾಮಿ."

"ಚೆಲ್ಲು ಅಂದೆ."

ಅವನ ಪಕ್ಕ ಲೋಟ ಹಿಡಿದು ನಿಂತವರು ನೋಡುತ್ತಿದ್ದರು. ಅವಳು ಚೆಲ್ಲಿದಳು. ನೀರು ಸಿಮೆಂಟಿನ ಮೇಲೆ ಹರಿದು ಯಾರದೋ ಚಪ್ಪಲಿಗೆ ತಾಗಿತು. ಚಪ್ಪಲಿಯವಳು ಕಾಲು ಹಿಂದಕ್ಕೆಳೆದುಕೊಂಡು ಒರೆಸಿಕೊಂಡಳು.

ಆಗಲೇ ಎಲೋದಿಯಾ ಕಡಲಹಕ್ಕಿಗಳನ್ನು ನೋಡಿದ್ದು. ದಿನವಿಡೀ ತಟ್ಟೆಗಳ ಮೇಲೆ ಎರಗುತ್ತಿದ್ದ ಹಕ್ಕಿಗಳು ಈಗ ಕಲ್ಲಿನ ತಡೆಗೋಡೆಯ ಮೇಲೆ ಒತ್ತಾಗಿ ಕೂತಿದ್ದವು. ಒಂದೂ ಹಾರುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಎಲ್ಲದರ ಕೊಕ್ಕೂ ಊರಿನ ಕಡೆಗೆ. ಅವಳು ತಿರುಗಿ ಊರನ್ನು ನೋಡಿದಳು. ಕಟ್ಟಡಗಳ ಹಿಂದಿನ ಆಕಾಶ ಕಪ್ಪುಗಟ್ಟಿದ ಗಾಯದ ಬಣ್ಣಕ್ಕೆ ತಿರುಗಿತ್ತು. ಹಾಯಿದೋಣಿಗಳು ಒಂದರ ಹಿಂದೊಂದು ದಂಡೆಗೆ ಬರುತ್ತಿದ್ದವು.

ವೇದಿಕೆಯ ನೆತ್ತಿಯ ಬಾವುಟಗಳು ಬೆಳಗಿನಿಂದ ಊರಿನ ಕಡೆಗೆ ಹಾರುತ್ತಿದ್ದವು. ನೋಡನೋಡುತ್ತ ಅವು ಸತ್ತ ಹಾಗೆ ಜೋತುಬಿದ್ದವು. ಸೆಕೆ ಒಮ್ಮೆಗೇ ಮೈಗೆ ಅಂಟಿತು. ಆಮೇಲೆ ಬಾವುಟಗಳು ನಿಧಾನವಾಗಿ ತಿರುಗಿ ನೀರಿನ ಕಡೆಗೆ ಎದ್ದವು.

ಅವಳು ಓಡಿದಳು. ಧ್ವನಿಯಂತ್ರಗಳ ಗೂಡಿನ ಹತ್ತಿರ ಕೆಸ್ಲರ್, ಕಂಪನಿಯ ಹೆಂಗಸು ಇಬ್ಬರೂ ಇದ್ದರು. ಮೇಜಿನ ಮೇಲೆ ಪುಟ್ಟ ಪರದೆ. ಚಾವಣಿಯ ಮೇಲಿನ ಗಿರಿಗಿಟ್ಲೆ ತೋರಿಸುವ ಗಾಳಿಯ ವೇಗ ಅದರಲ್ಲಿ ಬೀಳುತ್ತದೆ. ಹದಿನಾರು. ಇಪ್ಪತ್ತೊಂದು. ಹತ್ತೊಂಬತ್ತು.

"ಸಾಮಿ, ಗಾಳಿ ತಿರುಗ್ತು. ಬಟ್ಟೆ ಇಳುಸ್ಬೇಕು. ಮ್ಯಾಲಿರೋ ನಾಲ್ವರನ್ನೂ ಇಳುಸ್ಬೇಕು."

"ಮೂವತ್ತು ಆಗಿದ್ಯಾ?"

"ಆಗೋಗಂಟ ಕಾದ್ರೆ ಕೈಗೆ ಸಿಗಲ್ಲ ಸಾಮಿ. ಪ್ಲಾಸ್ಟಿಕ್ ಹಾಕಿವ್ನಿ, ಕತ್ತರ್ಸಾಕೇ ಟೇಮು ಬೇಕು. ನಮ್ಮ ಚಾಕು ಕೊಡ್ಸಿ."

ಕಂಪನಿಯ ಹೆಂಗಸು ಗಡಿಯಾರ ನೋಡಿಕೊಂಡಳು. "ಆರು ಗಂಟೆವರೆಗೂ ನೇರಪ್ರಸಾರ ಇದೆ. ಅಲ್ಲಿವರೆಗೂ ಹೆಸರು ಕಾಣಬೇಕು ಅಂತಲೇ ಒಪ್ಪಂದ."

ಆಗ ಐದೂಕಾಲು.

ಪರದೆಯಲ್ಲಿ ಇಪ್ಪತ್ತೆಂಟು ಬಿತ್ತು. ಆಮೇಲೆ ಮೂವತ್ತೆರಡು. ಕೆಸ್ಲರ್ ಅದನ್ನು ನೋಡಿದ. ಅವನು ನೋಡಿದ್ದನ್ನು ಎಲೋದಿಯಾ ನೋಡಿದಳು. ಅವನು ಕೈಯಲ್ಲಿದ್ದ ಟೋಪಿಯನ್ನು ಪರದೆಯ ಮೇಲೆ ಮಗುಚಿಟ್ಟ.

"ಅದು ಬರೀ ಒಂದು ಬೀಸು. ಹೋಗು ನಿನ್ನ ಜಾಗಕ್ಕೆ."

ಕೆಲಸದವರೆಲ್ಲ ಕಿವಿಗೆ ಸಿಕ್ಕಿಸಿಕೊಳ್ಳುವ ಮಾತಿನ ಯಂತ್ರದಲ್ಲಿ ನಾಬೋರನ ದನಿ ಬಂತು. ನಗು ಇರಲಿಲ್ಲ. "ಅಕ್ಕಾ, ಕುರ್ಚಿ ಆಡ್ತೈತೆ. ತೊಲೆ ಕಿರ್ರಂತೈತೆ. ಬಟ್ಟೆ ಇಳ್ಸಾಕೆ ಹೇಳು."

"ಇಳೀತೀಯೇನ್ಲಾ? ಏಣಿ ಬಿಚ್ತೀನಿ."

"ಏಣಿ ಕೊಟ್ರೂ ಈ ಗಾಳೀಲಿ ಆಗಲ್ಲ ಅಕ್ಕಾ, ಎತ್ತಿ ಬಿಸಾಕ್ತದೆ. ಬಟ್ಟೆ ಇಳ್ಸು. ಬಾಲ ಎಳಿ, ಸಾಕು."

ಬಾಲ ಎಳಿ, ಸಾಕು. ಅವನಿಗೆ ಗೊತ್ತಿರಲಿಲ್ಲ.

"ಬಾಲ ಇಲ್ಲ ಕಣ್ಲಾ," ಎಂದಳು. "ಪ್ಲಾಸ್ಟಿಕ್ಕು. ನಾನೇ ಹಾಕ್ದೆ."

ಚಾಕು ಎಲ್ಲಿ ಸಿಕ್ಕೀತೆಂದು ಸುತ್ತ ಕಣ್ಣಾಡಿಸಿದಳು.

ವೇದಿಕೆಯ ಮೇಲೆ ಹಾಡುಗಾರ್ತಿ ಬಂದಳು. ಐದು ಸಾವಿರ ಜನ ಒಟ್ಟಿಗೆ ಕೂಗಿದರು.

ಎಲೋದಿಯಾ ಜನರನ್ನು ಸೀಳಿಕೊಂಡು ಜೋಳದಂಗಡಿಗೆ ಹೋದಳು. ಅಲ್ಲಿ ಚೋನಾ ಅತ್ತೆ ಇದ್ದಳು, ಅವಳದೇ ಓಣಿಯವಳು. ಬೇಯಿಸಿದ ಜೋಳದ ತೆನೆಯಿಂದ ಕಾಳು ಕೆತ್ತಿ, ಬೆಣ್ಣೆ, ಮೆಣಸಿನಪುಡಿ, ನಿಂಬೆರಸ ಹಾಕಿ ಲೋಟದಲ್ಲಿ ಕೊಡುತ್ತಿದ್ದಳು.

"ಅತ್ತೆ, ಚಾಕು ಕೊಡು."

"ಯಾಕೆ? ಯಾರನ್ನ ಕುಯ್ತೀಯೆ?" ಅತ್ತೆ ನಗುತ್ತ ತಿರುಗಿದಳು. ಎಲೋದಿಯಾಳ ಮುಖ ನೋಡಿ ನಗು ನಿಂತಿತು. ಅವಳ ಕಣ್ಣು ಚಾವಣಿಯ ಕಡೆಗೆ, ತೂಗುವ ನಾಲ್ಕು ಕುರ್ಚಿಗಳ ಕಡೆಗೆ ಹೋಯಿತು. ಕೈಯಲ್ಲಿದ್ದ ಉದ್ದ ಚಾಕುವನ್ನು ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಒರೆಸದೆ ಹಾಗೇ ಕೊಟ್ಟಳು. ಅಲಗಿಗೆ ಇನ್ನೂ ಜೋಳದ ಕಾಳು ಅಂಟಿತ್ತು.

"ಹುಷಾರು, ಜಾರ್ತದೆ. ಬೆಣ್ಣೆ ಐತೆ," ಎಂದಳು.

ಸಾಲಿನಲ್ಲಿದ್ದವನೊಬ್ಬ ಗೊಣಗಿದ: "ನನ್ನ ಜೋಳ?"

"ಕಾಯಪ್ಪಾ. ಹಸ್ಕಂಡು ಸಾಯಲ್ಲ ನೀನು."

ಮೊದಲು ಕಾಲು. ಎಲೋದಿಯಾ ಮತ್ತೆ ಅದೇ ಜಾಗದಲ್ಲಿ ಮಂಡಿಯೂರಿದಳು. ಬಟ್ಟೆ ಒಳಕ್ಕೆ ಉಬ್ಬಿ ಬಸುರಿಯ ಹೊಟ್ಟೆಯಾಗಿತ್ತು. ಪ್ರತಿ ಬೀಸಿಗೂ ಕಂಬದ ಬುಡಕ್ಕೆ ಭಾರಕ್ಕಿಟ್ಟ ಕಾಂಕ್ರೀಟು ಗುಂಡು ಹಲ್ಲು ಕಡಿದಂತೆ ಸದ್ದು ಮಾಡುತ್ತಿತ್ತು. ಚಾಕು ಪ್ಲಾಸ್ಟಿಕ್ಕಿನ ಮೇಲೆ ಜಾರಿತು. ಎರಡನೇ ಸಲ ಹೆಬ್ಬೆರಳಿಗೆ ತಗುಲಿತು. ಮೂರನೇ ಸಲ ಟೈ ಟಪ್ಪನೆ ಹಾರಿತು. ಒಂದು. ಎರಡು. ಏಳು. ಹದಿಮೂರು. ಇಪ್ಪತ್ತನೆಯದು ಕಿತ್ತುಹೋದಾಗ ಬಟ್ಟೆಯ ಕೆಳ ಅಂಚು ಅವಳ ತಲೆಯ ಮೇಲೆ ಎದ್ದು ಚಾಟಿಯಂತೆ ಬೀಸಿತು. ಗಾಳಿ ಅಡಿಯಿಂದ ನುಗ್ಗಿ ವೇದಿಕೆಯ ಮೇಲಿನ ಕಾಗದಗಳನ್ನೆಲ್ಲ ಎಬ್ಬಿಸಿತು. ಹೆಸರಿನ ಸಾಲು ಮಡಚಿಕೊಂಡು ಮಾಯವಾಯಿತು.

"ಯಾವಳೇ ಅದು?" ಯಂತ್ರದಲ್ಲಿ ಕೆಸ್ಲರ್ ಕಿರುಚಿದ. "ಡಾರ್ನೆಲ್! ಅವಳ ಕೈಲಿ ಚಾಕು ಇದೆ! ಹಿಡಿ ಆ ಸೂಳೇನ!"

ಆಮೇಲೆ ಪಕ್ಕ. ಎರಡೂ ಕಂಬಕ್ಕೆ ಹೊತ್ತಿರಲಿಲ್ಲ; ಒಂದು ಬಿಟ್ಟರೂ ಬಟ್ಟೆ ಬಾವುಟದಂತೆ ಹಾರಿ ಗಾಳಿಗೆ ದಾರಿ ಕೊಡುತ್ತದೆ. ಮುಂದಿನ ಕಂಬದ ಕಬ್ಬಿಣದ ಮೆಟ್ಟಿಲಿಗೆ ಬೆಲ್ಟಿನ ಕೊಂಡಿ ಸಿಕ್ಕಿಸಿ ಹತ್ತತೊಡಗಿದಳು. ಒಂದು ಮೆಟ್ಟಿಲು, ಒಂದು ಟೈ, ಕೊಂಡಿ ಬಿಚ್ಚು, ಕೊಂಡಿ ಹಾಕು. ಹಾಡು ನಡೆದೇ ಇತ್ತು. ಹತ್ತನೆಯದು ಕತ್ತರಿಸುವಾಗ ಜನ ಅವಳನ್ನು ನೋಡಿದರು. ಮೊದಲು ಮುಂದಿನ ಸಾಲಿನವರು, ಆಮೇಲೆ ಎಲ್ಲರೂ. ಫೋನುಗಳು ಎದ್ದವು. ಒಂದು ಟೈ ಹಾರಿದಾಗ ಯಾರೋ ಚಪ್ಪಾಳೆ ತಟ್ಟಿದರು. ಮುಂದಿನದಕ್ಕೆ ನೂರು ಜನ ತಟ್ಟಿದರು. ಇದೂ ಆಟದ ಒಂದು ಭಾಗವೆಂದು ತಿಳಿದು, ತಾಳಕ್ಕೆ ಸರಿಯಾಗಿ, ಒಂದೊಂದಕ್ಕೂ "ಹೋ!" ಎಂದು ಕೂಗತೊಡಗಿದರು.

"ಹೋಗ್ರೋ!" ಎಂದು ಅವಳು ಮೇಲಿನಿಂದ ಅರಚಿದಳು. "ಓಡೋಗ್ರೋ, ಬೀಳ್ತದೆ!"

ಅವರು ಕೈಬೀಸಿದರು.

ಊರಿನ ಕಡೆ ಎತ್ತರದ ಕಟ್ಟಡವೊಂದು ಕಾಣಿಸದಾಯಿತು. ಅದರ ಪಕ್ಕದ್ದೂ ಮರೆಯಾಯಿತು. ಬೂದುಬಣ್ಣದ ಗೋಡೆಯೊಂದು ಒಂದೊಂದನ್ನೇ ನುಂಗುತ್ತ ದಂಡೆಯ ಕಡೆಗೆ ನಡೆದು ಬರುತ್ತಿತ್ತು. ಐದೂವರೆಯ ಹಗಲು ಕತ್ತಲಾಯಿತು. ಮೂವತ್ತನೆಯ ಟೈ ಕತ್ತರಿಸಿ ನೆತ್ತಿಯ ತೊಲೆಗೆ ಎದೆಯಾನಿಸಿದಾಗ ಎಲೋದಿಯಾಳಿಗೆ ತನ್ನ ಕೈ ತನಗೇ ಕಾಣಲಿಲ್ಲ. ಹೆಬ್ಬೆರಳಿನ ರಕ್ತ, ಬೆಣ್ಣೆ ಎರಡೂ ಸೇರಿ ಹಿಡಿ ಜಾರುತ್ತಿತ್ತು. ಕಪ್ಪು ತೊಲೆಯ ಮೇಲೆ ಕಪ್ಪು ಟೈ. ತಡಕಿದಳು. ಸಿಗಲಿಲ್ಲ.

ಒಮ್ಮೆಗೇ ಕಣ್ಣು ಕೋರೈಸುವ ಬೆಳಕು ಅವಳ ಕೈಯ ಮೇಲೆ ಬಿತ್ತು.

ಕೆಳಗೆ ಹಾಡುಗಾರ್ತಿ ಕತ್ತಲಲ್ಲಿ ನಿಂತು ಮೇಲೆ ನೋಡಿದಳು. ಹಾಡು ನಿಂತಿತು.

"ನಾಬೋರ್! ದೀಪ ತಿರುಗ್ಸೋ!" ಯಂತ್ರದಲ್ಲಿ ಕೆಸ್ಲರನ ದನಿ ಒಡೆದಿತ್ತು. "ಪ್ರಸಾರ ಆಗ್ತಿದೆ ಕಣೋ, ಬೋಳಿಮಗನೇ! ತಿರುಗ್ಸು!"

ನಾಬೋರ್ ದೀಪವನ್ನು ಇನ್ನೂ ಬಿಗಿಯಾಗಿ ಹಿಡಿದ. "ಕಾಣ್ತೈತಾ ಅಕ್ಕಾ?" ಎಂದ. ಅವನ ಕುರ್ಚಿ ಉಯ್ಯಾಲೆಯಂತೆ ಹೊಯ್ದಾಡುತ್ತಿತ್ತು. ಬೆಳಕು ಮಾತ್ರ ಅವಳ ಬೆರಳು ಬಿಟ್ಟು ಕದಲಲಿಲ್ಲ.

"ಕಾಣ್ತೈತೆ."

ಒಂದು. ಎರಡು. ತೊಲೆಯ ಮೇಲೆ ಹೊಟ್ಟೆ ಎಳೆಯುತ್ತ ಮುಂದಕ್ಕೆ ಸರಿದಳು. ಆರು. ಕೆಳಗೆ ಈಗ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಯಾರೋ ಮಗುವನ್ನು ಹೆಸರು ಹಿಡಿದು ಕೂಗುತ್ತಿದ್ದರು. ಹನ್ನೊಂದು. ಹಿಂದೆ ಮೆಟ್ಟಿಲ ಮೇಲೆ ಭಾರವಾದ ಬೂಟುಗಳ ಸದ್ದು, ಏದುಸಿರು. ಡಾರ್ನೆಲ್. ಅವನ ಕೈ ಬಂದು ಅವಳ ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯಿತು.

ಎಳೆಯುತ್ತಾನೋ, ಬೀಳದಂತೆ ಹಿಡಿದಿದ್ದಾನೋ ತಿಳಿಯಲಿಲ್ಲ. ತಿರುಗಿ ನೋಡಲು ಹೊತ್ತಿರಲಿಲ್ಲ. ತೊಲೆ ಅವಳ ಪಕ್ಕೆಯ ಕೆಳಗೆ ಒಮ್ಮೆ ಎದ್ದು ಕೂತಿತು. ಮಳೆಯ ಮೊದಲ ಹನಿ ಕಲ್ಲಿನಂತೆ ಕೆನ್ನೆಗೆ ಬಡಿಯಿತು. ಬೆಳಕಿನ ಆ ಪುಟ್ಟ ವೃತ್ತದೊಳಗೆ ಇನ್ನೂ ಹದಿಮೂರು ಟೈಗಳು ಸಾಲಾಗಿ ಹೊಳೆಯುತ್ತಿದ್ದವು, ತಾನೇ ಬಿಗಿದವು.

ಎಲೋದಿಯಾ ಹನ್ನೆರಡನೆಯದರ ಅಡಿಗೆ ಚಾಕು ತೂರಿಸಿದಳು.